ಬೆಳ್ಳಿ ಕರಂಡಕಕ್ಕೆ ಮುದ್ರೆ

ಉರೈವನ್ ಅಕ್ಕನ ಮೇಜಿಗೆ ಬಂದವರ ಗ್ರಹಚಾರ ಕೆಟ್ಟಿತೆಂದೇ ನಾವು ನಗುತ್ತಿದ್ದೆವು. ಬ್ಯಾಂಕಾಕಿನಿಂದ ವಿಮಾನ ಹತ್ತುವ ಪರದೇಶದವರು ಇಲ್ಲಿ ಕೊಂಡ ಸಾಮಾನು ತೋರಿಸಿ, ಫಾರಂಗೆ ನಮ್ಮ ಕಸ್ಟಮ್ಸ್ ಮುದ್ರೆ ಹಾಕಿಸಿಕೊಂಡರೆ ಮಾರಾಟ ತೆರಿಗೆ ವಾಪಸು ಸಿಗುತ್ತದೆ. ಪಕ್ಕದ ಮೇಜಿನ ನಾನು ಕಣ್ಣಾಡಿಸಿ ಒತ್ತಿಬಿಡುತ್ತೇನೆ. ಅವಳು ಪೆಟ್ಟಿಗೆಯ ತಳ ಕಾಣುವ ತನಕ ಬಿಡುವವಳಲ್ಲ.

ಅವಳು ಮದುವೆಯಾಗಲಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ಒಬ್ಬಳೇ ಸಾಕಿದಳು. ತಂಗಿ ಸುಪಾನೀ ಜರ್ಮನಿಯವನನ್ನು ಕಟ್ಟಿಕೊಂಡು ಆ ದೇಶದವಳೇ ಆಗಿದ್ದಳು. ತಾಯಿ ಸತ್ತ ಮೇಲೆ ಬಂದಳು. ಸುಟ್ಟ ನಂತರ ಆಯ್ದ ಮೂಳೆಗಳನ್ನು ಮಕ್ಕಳು ಹಂಚಿಕೊಂಡು ಪೂಜೆಗಿಟ್ಟುಕೊಳ್ಳುವುದು ನಮ್ಮಲ್ಲಿ ರೂಢಿ. ಉರೈವನ್ ಒಂದು ಚೂರನ್ನೂ ಕೊಡಲಿಲ್ಲ.

ತಂಗಿ ಹೊರಡುವ ದಿನ ಅಕ್ಕ ಮನೆಯಲ್ಲಿರಲಿಲ್ಲ. ರಜೆ ಮುರಿದು ಕೆಲಸಕ್ಕೆ ಬಂದಿದ್ದಾಳೆಂದು ತಂಗಿಗೇನು ಗೊತ್ತು? ಬುದ್ಧನ ಮುಂದಿದ್ದ ಮೂಳೆಯ ಜಾಡಿಯಿಂದ ಒಂದು ಹಿಡಿ ಕದ್ದು, ಹೊಸದಾಗಿ ಕೊಂಡ ಬೆಳ್ಳಿ ಕರಂಡಕಕ್ಕೆ ತುಂಬಿಕೊಂಡಳು. ಸುಮ್ಮನೆ ವಿಮಾನ ಹತ್ತಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಕರಂಡಕಕ್ಕೂ ತೆರಿಗೆ ಕಟ್ಟಿದ್ದಳಲ್ಲ! ಆ ಜಿಪುಣಿ ಫಾರಂ ಹಿಡಿದು ನನ್ನ ಸಾಲಿಗೇ ಬಂದಳು.

ಊಟ ಮುಗಿಸಿ ಬಂದ ಉರೈವನ್ ನನ್ನ ಕೈಯಿಂದ ಫಾರಂ ಕಿತ್ತುಕೊಂಡಳು.

"ಮುಚ್ಚಳ ತೆಗಿ."

"ಅಕ್ಕಾ! ನೀನು ರಜೆ ಅಲ್ವಾ?"

"ತೆಗಿ ಅಂದೆ."

ಸುಪಾನೀ ಕರಂಡಕವನ್ನು ಎದೆಗವಚಿಕೊಂಡಳು. "ದುಡ್ಡೂ ಬೇಡ ಏನೂ ಬೇಡ, ನನ್ನ ಬಿಟ್ಬಿಡು."

ಉರೈವನ್ ಕಸಿದುಕೊಂಡು ತೆರೆದಳು. ಒಳಗೆ ಸುಟ್ಟ ಮೂಳೆಯ ಚೂರುಗಳು.

"ಕದ್ದೆ, ಹೌದು," ತಂಗಿ ಅಳತೊಡಗಿದಳು. "ನಂಗೂ ಅಮ್ಮ ಅಲ್ವಾ ಅವಳು? ಒಂದೇ ಒಂದು ಚೂರು ಬಿಡೇ ಅಕ್ಕ. ಅಲ್ಲಿ ಕೈ ಮುಗಿಯೋಕೆ ನಂಗೇನೂ ಇಲ್ಲ."

"ಹೇಲು ಉಚ್ಚೆ ಬಳಿದೋಳು ನಾನು. ಸಾಯೋವರೆಗೂ ಅವಳು ಕರೀತಿದ್ದದ್ದು ಮಾತ್ರ ನಿನ್ನ. ಆಗ ಟಿಕೆಟ್ ದುಬಾರಿ ಅಂದ್ಯಲ್ಲ?"

"ಅಕ್ಕಾ, ಪಾಪ, ಒಂದು ಚೂರು ಕೊಡಿ," ಎಂದೆ ನಾನು.

"ನೀನು ನಿನ್ನ ಮೇಜು ನೋಡ್ಕೋ."

ಮೂಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿಗಿಳಿಸಿದಳು. ಕರಂಡಕದ ಒಳಗನ್ನು ಒರೆಸಿದಳು. ಆಮೇಲೆ ಫಾರಂಗೆ ಮುದ್ರೆ ಒತ್ತಿದಳು.

"ಸಾಮಾನು ಸರಿಯಾಗಿದೆ. ಖಾಲಿ ಕರಂಡಕ ಒಂದು. ಒಳಗೆ ಹೋಗಿ ದುಡ್ಡು ಇಸ್ಕೋ."

ಅವಳ ಮೇಲೆ ನನಗೆ ಹೇಸಿಗೆ ಹುಟ್ಟಿತು. ಸುಪಾನೀ ನೆಲಕ್ಕೆ ಕುಸಿದು ಬಿಕ್ಕಿದಳು. ಹಿಂದಿನವರು ಪೆಟ್ಟಿಗೆಗಳನ್ನು ಅವಳ ಸುತ್ತ ತಳ್ಳಿಕೊಂಡು ಮುಂದೆ ಬಂದರು. ವಿಮಾನಕ್ಕೆ ಹೊತ್ತಾದಾಗ ಎದ್ದು, ಕರಂಡಕ ಎತ್ತಿಕೊಂಡು, ಫಾರಂ ಮೇಜಿನ ಮೇಲೇ ಬಿಟ್ಟು, ತಿರುಗಿಯೂ ನೋಡದೆ ಹೊರಟಳು. ಸ್ವಲ್ಪ ದೂರ ಹೋಗಿ ನಿಂತಳು. ಕಣ್ಣೊರೆಸಿಕೊಂಡು ಮರಳಿ ಬಂದಳು.

ಉರೈವನ್ ಫಾರಂ ಮುಂದೆ ಚಾಚಿದಳು. ತಂಗಿ ತಲೆ ಎತ್ತದೆ ಅದನ್ನು ತೆಗೆದುಕೊಂಡು ಹೋದಳು.

"ನೋಡಿದ್ಯಾ?" ಎಂದಳು ಉರೈವನ್ ನನ್ನ ಕಡೆ ತಿರುಗಿ. ನಾನು ಮುಂದಿನವರ ಫಾರಂಗೆ ಮುದ್ರೆ ಒತ್ತಿದೆ.