ಕೆಮ್ಮಿನಕ್ಕನ ಕೊನೆಯ ಮನೆ

ಭಾನುವಾರ ಬೆಳಗ್ಗೆ ಒಗೆಯುವ ಬಟ್ಟೆಗಳನ್ನು ಬೇರ್ಪಡಿಸುತ್ತಾ ಕೂತಿದ್ದ ಕೆಮ್ಮಿನಕ್ಕನಿಗೆ ಅತ್ತೆಯ ಕರ್ಚೀಫುಗಳು ಒಂದೂ ಕಾಣಲಿಲ್ಲ. ಗಂಡನ ಅಂಗಿಗಳಿದ್ದವು, ಮಗಳು ಪುಟ್ಟಿಯ ಕೆಸರು ಮೆತ್ತಿದ ಲಂಗವಿತ್ತು, ದಿಂಬಿನ ಚೀಲಗಳಿದ್ದವು. ವಾರಕ್ಕೆ ಐದಾರು ಬೀಳುತ್ತಿದ್ದ ಕರ್ಚೀಫು ಮಾತ್ರ ಇಲ್ಲ. ಮನೆಯಲ್ಲಿ ಯಾರಿಗೆ ಹೊಟ್ಟೆ ಕೆಟ್ಟಿದೆ, ಯಾರು ಎಲ್ಲಿ ಬಿದ್ದು ಬಂದಿದ್ದಾರೆ, ಯಾರು ಅತ್ತಿದ್ದಾರೆ ಎಂಬುದೆಲ್ಲ ಮೊದಲು ತಿಳಿಯುವುದು ಬಟ್ಟೆ ಒಗೆಯುವವಳಿಗೆ. ಒಂಬತ್ತು ವರ್ಷದಿಂದ ಈ ಮನೆಯ ಬಟ್ಟೆ ಒಗೆದವಳಿಗೆ, ಬಾರದ ಬಟ್ಟೆಯೂ ಒಂದು ಸುದ್ದಿಯೇ ಎಂದು ಗೊತ್ತಾಗದೆ ಇರುತ್ತದೆಯೇ?

ಹಿತ್ತಲಿಗೆ ಹೋದಳು. ನೀರಿನ ತೊಟ್ಟಿಯ ಹಿಂದೆ, ಯಾರ ಕಣ್ಣಿಗೂ ಬೀಳದ ಹಾಗೆ ಕಟ್ಟಿದ್ದ ದಾರದ ಮೇಲೆ ನಾಲ್ಕು ಕರ್ಚೀಫು ಒಣಗುತ್ತಿದ್ದವು. ಉಜ್ಜಿ ಉಜ್ಜಿ ಅವುಗಳ ಅಂಚು ಬಿಟ್ಟುಕೊಂಡಿತ್ತು. ಒಂದರ ಮೂಲೆಯಲ್ಲಿ, ಎಷ್ಟು ತಿಕ್ಕಿದರೂ ಹೋಗದೆ, ತುಕ್ಕಿನ ಬಣ್ಣದ ಕಲೆ ಉಳಿದಿತ್ತು.

ಇಂಥ ಕಲೆಯನ್ನು ಅವಳು ಬೇರೆಯವರ ಮನೆಗಳಲ್ಲಿ ನೋಡಿದ್ದಳು.

ಅವಳಿಗೆ ಕೆಮ್ಮಿನಕ್ಕ ಎಂದು ಹೆಸರಿಟ್ಟವರು ಅವಳ ಬೀದಿಗಳ ಜನ. ಆರು ವರ್ಷದ ಹಿಂದೆ, ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವುದನ್ನು ಬಿಟ್ಟು ಆರೋಗ್ಯ ಕಾರ್ಯಕರ್ತೆಯಾಗಿ ಸೇರಿದಾಗ ಮುನ್ನೂರ ಹನ್ನೆರಡು ಮನೆಗಳು ಅವಳ ಪಾಲಿಗೆ ಬಂದವು. ಬಸುರಿಯರ ಪಟ್ಟಿ, ಮಕ್ಕಳ ಲಸಿಕೆ, ಬಿಪಿ, ಸಕ್ಕರೆ ಕಾಯಿಲೆ, ಎಲ್ಲವೂ ಅವಳ ಕೆಲಸವೇ. ಈ ವರ್ಷ ಮಾತ್ರ ರಾಜ್ಯದ ಆರೋಗ್ಯ ಇಲಾಖೆ ತನ್ನ ಆದ್ಯತೆಗಳ ಪಟ್ಟಿಯಲ್ಲಿ ಕ್ಷಯವನ್ನು ಎಲ್ಲಕ್ಕಿಂತ ಮೇಲಕ್ಕೆ ತಂದಿತ್ತು. ತಿಂಗಳಿಗೊಮ್ಮೆ ಪ್ರತಿ ಬಾಗಿಲಲ್ಲೂ ನಿಂತು, "ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಯಾರಿಗಾದ್ರೂ ಇದೆಯಾ?" ಎಂದು ಕೇಳಬೇಕು. ಇದೆ ಎಂದರೆ ಚೀಲದಿಂದ ಕಫದ ಡಬ್ಬಿ ತೆಗೆದುಕೊಡಬೇಕು. ತಿರುವಿನ ಚಹಾದಂಗಡಿಯವನು ಅವಳನ್ನು ದೂರದಲ್ಲಿ ಕಂಡರೆ ಸಾಕು, ಬೇಕೆಂದೇ ಜೋರಾಗಿ ಕೆಮ್ಮಿ, "ಅಕ್ಕಾ, ನಂಗೂ ಒಂದು ಡಬ್ಬಿ ಕೊಡಿ, ಏಲಕ್ಕಿ ಹಾಕಿಡೋಕೆ ಬೇಕಿತ್ತು" ಎನ್ನುತ್ತಿದ್ದ. "ಮೊದಲು ಉಗಿದು ಕೊಡ್ತೀನಿ ಅನ್ನು, ಆಮೇಲೆ ನೋಡೋಣ" ಎಂದು ಅವಳೂ ಬಿಡುತ್ತಿರಲಿಲ್ಲ.

ಆರೋಗ್ಯ ಕೇಂದ್ರದ ಗೋಡೆಯ ಚಾರ್ಟಿನಲ್ಲಿ ವರ್ಷದ ಪ್ರಗತಿಯೆಲ್ಲ ಇತ್ತು. ಮಕ್ಕಳ ಲಸಿಕೆ ನೂರಕ್ಕೆ ಎಂಬತ್ತೊಂದರಿಂದ ತೊಂಬತ್ತಾರಕ್ಕೆ ಏರಿತ್ತು. ಮನೆಯಲ್ಲಿ ಹೆರಿಗೆ ಒಂದೂ ಆಗಿರಲಿಲ್ಲ. ಕ್ಷಯದ ಸಾಲಿನಲ್ಲಿ ಮೊದಲ ತಿಂಗಳುಗಳಲ್ಲೇ ಏಳು ಜನ ಸಿಕ್ಕಿದ್ದರು, ಏಳೂ ಜನರಿಗೆ ಮಾತ್ರೆ ಶುರುವಾಗಿತ್ತು. ಅಲ್ಲಿಂದೀಚೆಗೆ ಪ್ರತಿ ತಿಂಗಳೂ ಸೊನ್ನೆ. ಆರು ತಿಂಗಳು ಸೊನ್ನೆ ನಿಂತರೆ ಅವಳ ಬೀದಿಗಳಿಗೆ 'ಕ್ಷಯಮುಕ್ತ' ಎಂಬ ಬೋರ್ಡು ಸಿಗುತ್ತಿತ್ತು. ಬೋರ್ಡು ಬರೆಸಿಯೂ ಆಗಿತ್ತು. ಔಷಧಿ ಕೋಣೆಯಲ್ಲಿ ಅದರ ಮುಖವನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿದ್ದರು. ಆರನೇ ತಿಂಗಳೂ ವರ್ಷವೂ ಒಟ್ಟಿಗೇ ಮುಗಿಯಲು ಇನ್ನು ಒಂಬತ್ತೇ ದಿನ.

ಮುನ್ನೂರ ಹನ್ನೆರಡನೆಯ ಮನೆ ಅವಳದೇ. ಆ ಮನೆಯ ನಮೂನೆಯನ್ನು ಅವಳು ಮನೆಯಲ್ಲಿ ಕೂತು ತುಂಬಿದ್ದೇ ಇಲ್ಲ. ತಿಂಗಳ ಕೊನೆಗೆ ಕೇಂದ್ರದ ಬೆಂಚಿನ ಮೇಲೆ, ನಾಲ್ಕು ಜನರ ಹೆಸರಿನ ಮುಂದೆ ಇಲ್ಲ, ಇಲ್ಲ, ಇಲ್ಲ, ಇಲ್ಲ ಎಂದು ಗೀಚಿ ಮುಗಿಸುತ್ತಿದ್ದಳು. ನಮ್ಮ ಮನೆಯಲ್ಲಿ ನಾನೇ ಬಾಗಿಲು ತಟ್ಟಿ ಕೇಳಬೇಕೇ?

ಕಲೆಯ ಕರ್ಚೀಫನ್ನು ಮುಷ್ಟಿಯಲ್ಲಿ ಹಿಡಿದು ಅಡಿಗೆಮನೆಗೆ ಬಂದಳು. ಅತ್ತೆ ಒಲೆಯ ಮುಂದೆ ನಿಂತು ಒಣಮೆಣಸಿನಕಾಯಿ ಹುರಿಯುತ್ತಿದ್ದರು. ಘಾಟು ಕಣ್ಣಿಗೆ ಹೊಡೆಯಿತು.

"ಅತ್ತೆ, ಇದೇನು?"

ಅತ್ತೆ ನೋಡಿದರು. ಸೌಟು ನಿಲ್ಲಲಿಲ್ಲ. "ಹಲ್ಲಿನ ರಕ್ತ ಕಣೇ. ವಯಸ್ಸಾಯ್ತಲ್ಲ."

"ಕೆಮ್ಮು ಎಷ್ಟು ದಿನದಿಂದ?"

"ಇದು ಘಾಟು. ನೀನೂ ಕೆಮ್ತಾ ಇಲ್ವಾ ಈಗ?"

ನಿಜ, ಅವಳೂ ಕೆಮ್ಮುತ್ತಿದ್ದಳು. ಕೈ ನೀಡಿ ಒಲೆ ಆರಿಸಿದಳು. ಕಿಟಕಿ ತೆರೆದಳು. ಅಲ್ಲೇ ನಿಂತು ಕಾದಳು. ಘಾಟು ಇಳಿಯಿತು, ಅವಳ ಕೆಮ್ಮು ನಿಂತಿತು. ಅತ್ತೆಯದು ನಿಲ್ಲಲಿಲ್ಲ. ಬಾಯಿಗೆ ಸೆರಗು ಒತ್ತಿ ತಡೆದುಕೊಂಡರೂ ಭುಜ ಕುಲುಕುತ್ತಿತ್ತು. ಈ ಮನೆಯಲ್ಲಿ ಎರಡು ದಿನಕ್ಕೊಮ್ಮೆ ಮೆಣಸಿನಕಾಯಿ ಹುರಿಯಲು ಶುರುವಾಗಿದ್ದು ಯಾವಾಗಿನಿಂದ? ಕೆಮ್ಮಿಗೆ ಅದು ಮರೆ ಎಂದು ಅವಳಿಗೆ ಈಗ ಹೊಳೆಯಿತು.

"ಸುಳ್ಳು ಹೇಳಬೇಡಿ ಅತ್ತೆ, ನಿಮ್ಮ ದಮ್ಮಯ್ಯ. ಯಾವಾಗಿಂದ?"

"ಪುಟ್ಟಿ ಶಾಲೆಗೆ ಹೋಗೋಕೆ ಶುರು ಮಾಡಿದ್ಲಲ್ಲ, ಆವಾಗಿಂದ."

ಮೂರು ತಿಂಗಳು. ಪುಟ್ಟಿಗೆ ನಾಲ್ಕು ವರ್ಷ. ಮಲಗುವುದು ಅಜ್ಜಿಯ ಪಕ್ಕದಲ್ಲಿ, ಮುಖಕ್ಕೆ ಮುಖ ತಾಗಿಸಿಕೊಂಡು, ಅಜ್ಜಿಯ ಕಿವಿ ಹಿಡಿದುಕೊಂಡು. ಐದು ವರ್ಷದೊಳಗಿನ ಮಕ್ಕಳಿಗೆ ಬೇಗ ತಗಲುತ್ತದೆ, ಮಿದುಳಿಗೂ ಏರಬಹುದು ಎಂದು ಕೆಮ್ಮಿನಕ್ಕ ಎಷ್ಟು ಬಾಗಿಲುಗಳಲ್ಲಿ ಪಾಠ ಒಪ್ಪಿಸಿರಲಿಲ್ಲ! ಬಾಯಿಪಾಠವಾಗಿದ್ದ ಮಾತುಗಳು ಒಂದೊಂದಾಗಿ ತಿರುಗಿ ಬಂದವು. ಮೊನ್ನೆ ಪುಟ್ಟಿ ಊಟ ಬೇಡ ಅಂದಳಲ್ಲ, ಅದೇಕೆ? ಕಳೆದ ವಾರ ಮೈ ಬೆಚ್ಚಗಿತ್ತಲ್ಲ?

"ಮೂರು ತಿಂಗಳು! ನನ್ನ ಹತ್ರ ಯಾಕೆ ಹೇಳಲಿಲ್ಲ?"

"ನೀನು ಯಾವತ್ತು ಕೇಳಿದೆ?" ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಊರೆಲ್ಲ ಕೇಳ್ಕೊಂಡು ಬಂದು, ಸುಸ್ತಾಗಿ ಕೂತ್ಕೊಂಡು, ಊಟ ಹಾಕಿ ಅತ್ತೆ ಅಂತಿದ್ದೆ. ನಾನು ಹಾಕ್ತಿದ್ದೆ. ನಾನು ಮಲಗಿಬಿಟ್ರೆ ಒಲೆ ಹಚ್ಚೋರು ಯಾರು, ಮಗೂನ ಶಾಲೆಯಿಂದ ಕರ್ಕೊಂಡು ಬರೋರು ಯಾರು? ನೀನು ಕೆಲಸ ಬಿಡಬೇಕಾಗಿತ್ತು. ನಿನ್ನ ಗಂಡ ಬಿಡ್ತಿದ್ನಾ? ಮಾತಾಡೋದು ನೋಡು."

ಮುನ್ನೂರ ಹನ್ನೊಂದು ಬಾಗಿಲು ತಟ್ಟಲು ಅವಳಿಗೆ ಎರಡು ಕಾಲು ಸಿಕ್ಕಿದ್ದೇ ಈ ಅಡಿಗೆಮನೆಯಲ್ಲಿ ಇನ್ನೆರಡು ಕಾಲು ನಿಂತಿದ್ದರಿಂದ. ಚೀಲದಿಂದ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟಳು.

"ನಾಳೆ ಎದ್ದ ತಕ್ಷಣ, ಬಾಯಿ ಮುಕ್ಕಳಿಸಿ..."

"ಗೊತ್ತಮ್ಮ. ಆಳವಾಗಿ ಉಸಿರೆಳೆದು, ಎದೆಯಿಂದ ಕೆಮ್ಮಿ, ಡಬ್ಬಿ ಹೊರಗೆ ತಾಗದ ಹಾಗೆ. ನೀನು ಕನ್ನಡಿ ಮುಂದೆ ಅಭ್ಯಾಸ ಮಾಡುವಾಗ ನಾನೇ ಅಲ್ವಾ ಕೇಳಿಸ್ಕೊಂಡಿದ್ದು?"

ಅಂದು ಪುಟ್ಟಿಯ ಹಾಸಿಗೆ ಅಮ್ಮನ ಕೋಣೆಗೆ ಬಂತು. ಅಜ್ಜಿ ಬೇಕು ಎಂದು ಅವಳು ಗಂಟಲು ಹರಿಯುವ ಹಾಗೆ ಅತ್ತಳು. ಆ ಅಳುವಿನ ನಡುವೆ ಎಲ್ಲಾದರೂ ಕೆಮ್ಮು ಇದೆಯೇ ಎಂದು ಅವಳ ತಾಯಿ ಉಸಿರು ಹಿಡಿದು ಕೇಳಿಸಿಕೊಳ್ಳುತ್ತಿದ್ದಳು.

ಸೋಮವಾರ ಡಬ್ಬಿಯ ಮೇಲೆ ಚೀಟಿ ಅಂಟಿಸಿ ಕೇಂದ್ರಕ್ಕೆ ಒಯ್ದಳು. ಮೇಲ್ವಿಚಾರಕಿ ಮೇಡಂ ಚೀಟಿ ಓದಿ, ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

"ನಿಮ್ಮ ಮನೆಯದಾ?"

"ಹೌದು ಮೇಡಂ."

"ಪ್ರತಿ ತಿಂಗಳೂ ಇಲ್ಲ ಅಂತ ಬರ್ದಿದ್ದೀಯಲ್ಲ?"

"ಕೇಳದೇನೇ ಬರ್ದೆ."

ಮೇಡಂ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಕೆಟ್ಟ ಹೆಂಗಸಲ್ಲ ಅವರು. ಎರಡು ವರ್ಷದ ಹಿಂದೆ ಕೆಮ್ಮಿನಕ್ಕನಿಗೆ ಗರ್ಭಪಾತವಾದಾಗ ಅವಳ ಬೀದಿಗಳನ್ನೆಲ್ಲ ತಾವೇ ಸುತ್ತಿದ್ದವರು. ಈಗ ದನಿ ತಗ್ಗಿಸಿ ಹೇಳಿದರು, "ನೋಡಮ್ಮ, ಎಂಟು ದಿನ. ಎಂಟೇ ದಿನ ತಡೆದ್ರೆ ಇದು ಮುಂದಿನ ವರ್ಷದ ಪಟ್ಟಿಗೆ ಹೋಗುತ್ತೆ. ಈಗ ಬರೆದ್ರೆ ಬೋರ್ಡು ಹೋಗುತ್ತೆ, ಅದು ಹೋಗ್ಲಿ. ಸುಳ್ಳು ಬರೆದಿದ್ದಕ್ಕೆ ನಿನ್ನನ್ನ ತೆಗೆದ್ರೆ? ಮೇಲಿನವರು ನನ್ನನ್ನ ಕೇಳಿದ್ರೆ ನಾನೇನು ಹೇಳಲಿ? ಮೂರು ತಿಂಗಳು ಇದ್ದಿದ್ದು ಇನ್ನೆಂಟು ದಿನ ಇರುತ್ತಪ್ಪ. ಮಗೂನ ಹೇಗೂ ದೂರ ಮಲಗಿಸಿದ್ದೀಯಲ್ಲ."

ಕೆಲಸ ಹೋದರೆ ಎಂಬ ಭಯ ಅವಳಿಗೂ ಇತ್ತು. ಮತ್ತೆ ಕಾರ್ಖಾನೆಯ ಗುಂಡಿಗಳು ಕಣ್ಣೆದುರು ಬಂದವು. ಒಂದು ಕ್ಷಣ, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟುಬಿಡೋಣ ಎನಿಸಿತು. ಕೈ ಚೀಲದ ಬಾಯಿಗೂ ಹೋಯಿತು. ಆದರೆ ಎಂಟು ದಿನ ಎಂದರೆ ಎಂಟು ಸಲ ಶಾಲೆಯಿಂದ ಅಜ್ಜಿಯ ಕೈ ಹಿಡಿದು ಬರುವುದು, ಎಂಟು ದಿನ ಅಜ್ಜಿಯ ಕೈತುತ್ತು, ಬಿಸಿ ತುತ್ತಿಗೆ ಅಜ್ಜಿ ಉಫ್ ಎಂದು ಊದುವುದು.

"ಊದಿ ಕೊಡ್ತಾರೆ ಮೇಡಂ," ಎಂದಳು. ಮೇಡಂಗೆ ಅರ್ಥವಾಗಲಿಲ್ಲ. "ತುತ್ತು ಊದಿ ಕೊಡ್ತಾರೆ. ಇವತ್ತೇ ಲ್ಯಾಬಿಗೆ ಹೋಗ್ಲಿ."

ಅವಳೇ ಹೋಗಿ ಕೊಟ್ಟಳು. ಲ್ಯಾಬಿನವನು ಚೀಟಿಯನ್ನೂ ಅವಳನ್ನೂ ನೋಡಿ, "ಏನಕ್ಕಾ, ನಿಮ್ಮನೆಗೂ ನೀವೇ ಹೋದ್ರಾ?" ಎಂದು ನಕ್ಕ. ಅವಳ ಮುಖ ಕಂಡು ನಗು ನಿಲ್ಲಿಸಿದ.

ಮಂಗಳವಾರ ಸಂಜೆ ಉತ್ತರ ಬಂತು. ಇದೆ. ಕ್ಷಯವೇ.

ಗಂಡ ಕರೆಂಟಿನ ಕೆಲಸದವನು, ಬೇರೆಯವರ ಮನೆಯ ಯಾವ ಗೋಡೆಯಲ್ಲಿ ಯಾವ ತಂತಿ ಓಡುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲ. ತನ್ನ ಅಡಿಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಗೊತ್ತಿರಲಿಲ್ಲ. "ಅಮ್ಮಂಗೆ ಹೀಗಿದ್ರೆ ನೀನು ಹೇಗೆ ಕೆಲಸಕ್ಕೆ ಹೋಗ್ತೀಯ?" ಎಂದ.

"ನೀವು ಹೇಗೆ ಹೋಗ್ತೀರೋ ಹಾಗೇ. ಬೆಳಗ್ಗೆ ಅಡಿಗೆ ನನ್ನದು, ಸಂಜೆ ನಿಮ್ಮದು. ಮಗೂನ ಕರ್ಕೊಂಡು ಬರೋದು ನೀವು. ಉಪ್ಪು ಮೇಲಿನ ಕಪಾಟಲ್ಲಿದೆ."

ಜಗುಲಿಯಲ್ಲಿ, ಗಾಳಿ ಬರುವ ಕಡೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ ಅತ್ತೆ ಅಲ್ಲಿಂದಲೇ, "ಎರಡು ಸಲ ಹಾಕಿಬಿಡಬೇಡ ಕಣೋ" ಎಂದರು.

ಬುಧವಾರ ಅತ್ತೆಯ ಮಾತ್ರೆ ಶುರುವಾಯಿತು. ಅದೇ ದಿನ ಪುಟ್ಟಿಗೆ ಎಕ್ಸ್‌ರೇ. ತಣ್ಣನೆಯ ತಗಡಿಗೆ ಎದೆ ಒತ್ತಿ ನಿಲ್ಲು ಎಂದಾಗ ಪುಟ್ಟಿ ತಿರುಗಿ, "ಅಮ್ಮ, ಇದು ಅಜ್ಜಿ ಮುಟ್ಟಿದ್ದಕ್ಕಾ?" ಎಂದಳು. ಹೊರಗಿನ ಬೆಂಚಿನ ಮೇಲೆ ಕಾದ ಮುಕ್ಕಾಲು ಗಂಟೆಯಲ್ಲಿ ಕೆಮ್ಮಿನಕ್ಕ ತನ್ನ ಸೆರಗಿನ ಅಂಚಿನ ದಾರವನ್ನೆಲ್ಲ ಬಿಚ್ಚಿಬಿಟ್ಟಿದ್ದಳು. ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದರು. "ಈಗೇನೂ ಕಾಣ್ತಿಲ್ಲ. ಆದ್ರೆ ಬರದ ಹಾಗೆ ಮಾತ್ರೆ ಕೊಡ್ತೀನಿ, ಒಂದಿನವೂ ತಪ್ಪಿಸ್ಬೇಡ. ಮೂರು ತಿಂಗಳಿಗೆ ಮತ್ತೆ ತೋರಿಸು."

ಈಗೇನೂ ಕಾಣ್ತಿಲ್ಲ. ಅವಳು ಆ ಮಾತಿಗೆ ಜೋತುಬಿದ್ದಳು. ಆದರೆ ಅದರೊಳಗಿನ 'ಈಗ' ಅವಳನ್ನು ಬಿಡಲಿಲ್ಲ.

ಚಾರ್ಟಿನ ಸೊನ್ನೆಯನ್ನು ಅಳಿಸಿ ಮೇಡಂ ಒಂದು ಎಂದು ಬರೆದರು. ಅವಳಿಗೆ ನೋಟೀಸು ಬಂತು, ಹದಿನೈದು ದಿನದೊಳಗೆ ಉತ್ತರ ಕೊಡಬೇಕು. ಉತ್ತರವನ್ನು ಬೆಂಚಿನ ಮೇಲೇ ಕೂತು ಬರೆದಳು: ನಮ್ಮ ಮನೆಯಲ್ಲಿ ನಾನು ಕೇಳಲಿಲ್ಲ. ಉಳಿದ ಮನೆಗಳಲ್ಲಿ ಬಾಗಿಲು ತೆರೆದವರನ್ನು ಕೇಳಿದೆ, ಅವರು ಇಡೀ ಮನೆಯ ಪರವಾಗಿ ಇಲ್ಲ ಅಂದರು. ಒಲೆಯ ಮುಂದೆ ನಿಂತವರನ್ನು ನಾನು ಕೇಳಿಲ್ಲ.

ಬರೆದ ಮೇಲೆ ಅವಳಿಗೇ ಕಂಡಿತು, ಆರು ತಿಂಗಳ ಸೊನ್ನೆ ಎಲ್ಲಿಂದ ಬಂದಿತ್ತು ಎಂದು. ಕಾಗದವನ್ನು ಮೇಡಂ ಮೇಜಿನ ಮೇಲಿಟ್ಟು, ಇದ್ದ ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೊರಟಳು. ಮೇಡಂ ಓದಿದರು, ತಡೆಯಲಿಲ್ಲ. "ನಾಳೆ ಆ ಕಡೆ ಬೀದಿಗೆ ನಾನೂ ಬರ್ತೀನಿ" ಎಂದರು.

ಬಾಗಿಲು ತೆರೆದವರು ಎಂದಿನಂತೆ "ಇಲ್ಲಕ್ಕಾ" ಎಂದರು. ಅವಳು ಹೋಗಲಿಲ್ಲ. "ಒಂದು ಲೋಟ ನೀರು ಕೊಡಿ" ಎಂದು ಚಪ್ಪಲಿ ಬಿಟ್ಟು ನೇರ ಅಡಿಗೆಮನೆಗೆ ನಡೆದಳು. ಸಂಜೆಯವರೆಗೆ ಇಪ್ಪತ್ತಾರು ಅಡಿಗೆಮನೆ, ಹೊಟ್ಟೆ ತುಂಬ ನೀರು. ಕಂಡಿದ್ದು ನೆಗಡಿ, ಮಂಡಿನೋವು, ಸುಟ್ಟ ಬೆರಳು. ಒಂದೊಂದು ಮನೆಯಿಂದ ಹೊರಬಂದಾಗಲೂ ಸದ್ಯ ಎಂದು ಉಸಿರು ಬಿಡುತ್ತಿದ್ದಳು.

ಇಪ್ಪತ್ತೇಳನೆಯದು ತಿರುವಿನ ಚಹಾದಂಗಡಿ. ಅಂಗಡಿಯವನು ಜೋರಾಗಿ ಕೆಮ್ಮಿ, "ಅಕ್ಕಾ, ಡಬ್ಬಿ!" ಎಂದ.

ಅವಳು ನಗಲಿಲ್ಲ. "ನಿನ್ನ ಹೆಂಡತಿ ಎಲ್ಲಪ್ಪ?"

"ಒಳಗೆ, ಬಜ್ಜಿ ಕರೀತಾ ಇದ್ದಾಳೆ. ಅವಳಿಗೇನಾಗಿದೆ, ಗುಂಡುಕಲ್ಲು!"

ಪರದೆ ಸರಿಸಿ ಒಳಗೆ ಹೋದಳು. ಕಿಟಕಿಯಿಲ್ಲದ ಕೋಣೆ, ಎಣ್ಣೆಯ ಹೊಗೆ. ಬಾಣಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದ ಹೆಂಗಸಿನ ಭುಜ ಕುಲುಕುತ್ತಿತ್ತು. ರವಿಕೆ ಸಡಿಲವಾಗಿ ಜೋಲುತ್ತಿತ್ತು. ಕಾಲ ಬಳಿ ಒಂದು ಮಗು ಲೋಟದಲ್ಲಿ ನೀರಾಟ ಆಡುತ್ತಿತ್ತು. ಹೆಂಗಸು ತಿರುಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನಗಲು ನೋಡಿದಳು.

"ಏನಿಲ್ಲಕ್ಕಾ, ಹೊಗೆ."

ಕೆಮ್ಮಿನಕ್ಕ ಕೈ ನೀಡಿ ಒಲೆ ಆರಿಸಿದಳು.

"ಸ್ವಲ್ಪ ಹೊತ್ತು ಹೊರಗೆ ಬಾರಮ್ಮ," ಎಂದಳು. "ಹೊಗೆ ಇಳೀಲಿ. ನಾನು ಕಾಯ್ತೀನಿ."