ದೆವ್ವಕ್ಕೆ ಉಡಿ ತುಂಬಿದ ಅವ್ವ

ದೆವ್ವದ ಸಿನಿಮಾಗಳ ಮೇಲೆ ನನ್ನದೊಂದೇ ತಕರಾರು: ಕೊನೆ ಸರಿಯಿರುವುದಿಲ್ಲ.

ಅರವತ್ತರ ದಶಕದ ದಾಂಡೇಲಿಯಲ್ಲಿ ಟೆಂಟಿನ ಸಿನಿಮಾ ಮುಗಿಯುವ ಮೊದಲೇ ಕಾಗದದ ಮಿಲ್ಲಿನ ಭೋಂಗಾ ಕೂಗುತ್ತಿತ್ತು. ಅಪ್ಪ ಪಾಳಿಗೆ ಎದ್ದು ಹೋಗುತ್ತಿದ್ದ. ಕೊನೆಯನ್ನು ಮರುದಿನ ಅವ್ವ ಹೇಳಬೇಕು.

ಒಮ್ಮೆ ತೆರೆಯ ಮೇಲೆ ಮಾಂತ್ರಿಕ ಹೆಣ್ಣುದೆವ್ವವನ್ನು ಸುಟ್ಟೇಬಿಟ್ಟ. ಅವ್ವ ಮಾತ್ರ ಅಪ್ಪನಿಗೆ, "ಆಕಿಗೆ ಹಸರ ಸೀರಿ ಉಡಿಸಿ, ಉಡಿ ತುಂಬಿ, ಮನಿ ಮಗಳಂಗ ಕಳಿಸಿದ್ರು ನೋಡ್ರಿ" ಎಂದಳು.

ಆ ಸುಳ್ಳು ತಡೆಯಲಾಗದೆ ಎಂಟು ದಿನದ ಮೇಲೆ ಅಪ್ಪನಿಗೆ ನಿಜ ಹೇಳಿದೆ.

"ಗೊತ್ತೈತಿ. ಸೂಟಿ ದಿನ ಹೋಗಿ ನೋಡಿ ಬಂದೇನಿ" ಎಂದ ಅಪ್ಪ. "ಅವ್ವಗ ಹೇಳಬ್ಯಾಡ. ಆಕೀದ ಚಲೋ ಐತಿ."

ಮಾಂತ್ರಿಕ ಬೆಂಕಿ ಹೊತ್ತಿಸುತ್ತಿದ್ದಂತೆ ಈಗ ನಾನೂ ಅಪ್ಪನಂತೆ ಎದ್ದುಬಿಡುತ್ತೇನೆ. ಮುಂದಿನದನ್ನು ಅವ್ವ ಹೇಳಿಟ್ಟಿದ್ದಾಳೆ.