ಹಗ್ಗ ಹಿಡಿದ ಮೇಲೆ ಬಂದ ನಿಯಮ

ಕಳೆದ ಭಾನುವಾರ ಒಂದು ಊರಿಗೆ ಊರೇ ನಾನು ಸೀಟಿ ಊದುವುದನ್ನು ಕಾಯುತ್ತಿತ್ತು. ನಾನು ಊದಲಿಲ್ಲ.

ಹೆಮ್ಮಾಡಿಯಿಂದ ಒಳಗಿರುವ ಒಂದು ಊರು. ಕೆಸರುಗದ್ದೆ ಕ್ರೀಡಾಕೂಟ. ಹೆಂಗಸರ ಹಗ್ಗಜಗ್ಗಾಟಕ್ಕೆ ನಾನು ಅಂಪೈರ್. (ವ್ಯಾಯಾಮ ಶಿಕ್ಷಕಿಯಾಗಿ ನಿವೃತ್ತಳಾದವಳಿಗೆ ಇಂಥ ಕರೆಗಳು ತಪ್ಪುವುದಿಲ್ಲ.) ಒಂಬತ್ತಕ್ಕೆ ಶುರು ಎಂದಿದ್ದರು. ಒಂಬತ್ತಕ್ಕೆ ಗದ್ದೆಯಲ್ಲಿ ಇದ್ದದ್ದು ನಾನು ಮತ್ತು ಒಂದು ಕೊಕ್ಕರೆ.

ಯಾರು ಆಡಬಹುದು ಎಂಬುದಕ್ಕೆ ಮೈಕಿನಲ್ಲಿ ಮೊದಲೇ ಹೇಳಿದ ನಿಯಮ ಒಂದೇ: ಆಡುವವರು ಈ ಊರಿನ ಮನೆಯವರಾಗಿರಬೇಕು. ಸರಿ. ಮೇಲ್ಕೇರಿ ಮತ್ತು ಕೆಳಕೇರಿ ತಂಡಗಳು ಫೈನಲ್‌ಗೆ ಬಂದವು.

ಕೆಳಕೇರಿಯವರ ಹಗ್ಗದ ತುದಿಯಲ್ಲಿ ಗಿರಿಜಾ. ಕೆಳಕೇರಿಯಲ್ಲೇ ಹುಟ್ಟಿ ಬೈಂದೂರಿಗೆ ಮದುವೆಯಾಗಿ ಹೋದವಳು. ಅಲ್ಲಿ ಮೀನು ಮಾರುತ್ತಾಳೆ. ವ್ಯಾಪಾರ ಮುಗಿಸಿ, ಬಸ್ಸು ಹಿಡಿದು, ಸಂಜೆ ತವರಿಗೆ ಬಂದು ಅಭ್ಯಾಸ ಮಾಡಿದ್ದಳು. ಹಗ್ಗಜಗ್ಗಾಟದಲ್ಲಿ ತುದಿಯವಳು ಕದಲಿದರೆ ತಂಡವೇ ಕದಲಿದಂತೆ. ಸೆಮಿಫೈನಲ್‌ನಲ್ಲಿ ಅವಳು ಕದಲಿರಲಿಲ್ಲ.

ಎರಡೂ ಕಡೆಯವರು ಹಗ್ಗ ಹಿಡಿದು ನಿಂತಾಗಿದೆ. ಆಗ ಸಮಿತಿಯ ಅಧ್ಯಕ್ಷ ಸುಧಾಕರ ಮೈಕ್ ಎತ್ತಿಕೊಂಡರು.

"ಒಂದ್ ಸಣ್ಣ ತಿದ್ದುಪಡಿ. ಮದಿ ಆಯಿ ಬೇರೆ ಊರಿಗ್ ಹೋದ್ ಹೆಣ್ಮಕ್ಕಳ್ ಗಂಡನ ಊರಿನೋರ್ ಅಂದೇಳಿ ಲೆಕ್ಕ. ಅವ್ರ್ ಹಗ್ಗ ಬಿಡ್ಕ್."

(ಮೇಲ್ಕೇರಿ ತಂಡದ ನಾಯಕಿ ಸುಧಾಕರರ ಹೆಂಡತಿ. ಹೇಳಬೇಕಾದ ವಿಷಯ, ಹೇಳಿದೆ.)

ಗಿರಿಜಾ ಹಗ್ಗ ಬಿಡಲಿಲ್ಲ. "ಹಾಂಗಾರೆ ಬೆಳಿಗ್ಗಿಂದ ನಾ ಎಳ್ದದ್ ಯಾರ್ ಲೆಕ್ಕಕ್ಕ್?" ಎಂದಳು.

ನಾನು ಸುಧಾಕರರ ಬಳಿಗೆ ಹೋಗಿ ಅದನ್ನೇ ಕೇಳಿದೆ. ಅವರು ಮೈಕಿಗೆ ಕೈ ಅಡ್ಡ ಹಿಡಿದು, "ಟೀಚರೇ, ಇದ್ ಊರ್ ಕಾರ್ಯಕ್ರಮ, ಒಲಿಂಪಿಕ್ಸ್ ಎಂತ ಅಲ್ಲ. ಒಂಚೂರ್ ಅಡ್ಜಸ್ಟ್ ಮಾಡ್ಕಣಿ" ಎಂದರು.

ಅಡ್ಜಸ್ಟ್. ನಮ್ಮ ಆಟದ ಬಯಲುಗಳನ್ನು ಕೆಡಿಸಿದ್ದರಲ್ಲಿ ಈ ಮಾತಿನ ಪಾಲು ದೊಡ್ಡದು. ಅಡ್ಜಸ್ಟ್ ಮಾಡಿಕೊಳ್ಳಬೇಕಾದವರು ಯಾವಾಗಲೂ ಯಾರು? ಕೈಯಲ್ಲಿ ಮೈಕ್ ಇಲ್ಲದವರು. ನಿಯಮ ಮಾಡುವವರೂ ನಾವೇ, ತಂಡ ಕಟ್ಟುವವರೂ ನಾವೇ, ಕಪ್ ಕೊಡುವವರೂ ನಾವೇ ಆದರೆ ಎದುರಿನವರು ಬಂದದ್ದು ಎಂತಕ್ಕೆ, ಚಪ್ಪಾಳೆ ತಟ್ಟಲಿಕ್ಕೆಯೇ? ದೊಡ್ಡ ದೊಡ್ಡ ಪಂದ್ಯಗಳ ಮೋಸದ ಸುದ್ದಿ ಓದಿ ನಾವು ತಲೆ ಕೊಡವುತ್ತೇವೆ. ಆ ಮೋಸಗಾರರು ಮೊದಲ ಪಾಠ ಕಲಿತದ್ದು ನಮ್ಮಂಥವರ ಗದ್ದೆಯಲ್ಲೇ ಆಗಿರಬಾರದೇಕೆ?

"ಬೆಳಿಗ್ಗೆ ಹೇಳಿದ್ ನಿಯಮದಂಗೇ ಆಟ. ಇಲ್ದಿರೆ ನಾ ಊದುದಿಲ್ಲ" ಎಂದೆ. ಮಳೆ ಶುರುವಾಯಿತು. ಯಾರೂ ಜಾಗ ಬಿಡಲಿಲ್ಲ.

ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ ಗುಲಾಬಿಯಕ್ಕ ಬಾಯಿ ತೆರೆದದ್ದು ಆಗ. ಅವರು ಸುಧಾಕರರ ತಾಯಿಯ ಅಕ್ಕ.

"ಹ್ವಾಯ್ ಸುಧಾಕರ, ನಿನ್ನ ಅಬ್ಬಿ, ನನ್ನ ತಂಗಿ, ಮದಿ ಆಯಿ ಹೋದ್ದ್ ಬ್ರಹ್ಮಾವರಕ್ಕ್ ಅಲ್ದಾ? ನಿನ್ನ ಅಪ್ಪಯ್ಯನ ಊರೂ ಅದೇ. ಹಾಂಗಾರೆ ನೀ ಇಲ್ಲಿ ಮೈಕ್ ಹಿಡ್ಕಂಡದ್ ಯಾವ್ ಊರಿನವ ಅಂದೇಳಿ?"

ಗದ್ದೆ ತುಂಬ ನಗು. ನಮ್ಮ ಕಡೆಯ ಅಳಿಯಕಟ್ಟಿನ ಮನೆಗಳಲ್ಲಿ ತಾಯಿಯ ಮನೆಯೇ ಮಕ್ಕಳ ಮನೆ. ಸುಧಾಕರ ಇಲ್ಲಿನ ತಾಯಿಮನೆಯ ಯಜಮಾನಿಕೆ ನಡೆಸುತ್ತಿರುವುದೂ ಸಮಿತಿಗೆ ಅಧ್ಯಕ್ಷರಾದದ್ದೂ ಆ ಲೆಕ್ಕದಿಂದಲೇ. ಮದುವೆಯಾಗಿ ಹೋದರೂ ಅವರ ತಾಯಿಗೆ ಉಳಿದ ಊರು ಗಿರಿಜಾಳಿಗೆ ಮಾತ್ರ ತಪ್ಪುವುದು ಹೇಗೆ?

"ಆಯ್ತ್, ಎಳ್ಕಣಿ" ಎಂದು ಸುಧಾಕರ ಮೈಕ್ ಕೆಳಗಿಟ್ಟರು. ನಾನು ಸೀಟಿ ಊದಿದೆ.

ಮೊದಲ ಸುತ್ತು ಕೆಳಕೇರಿಗೆ. ಎರಡನೆಯದು ಮೇಲ್ಕೇರಿಗೆ. ಕೊನೆಯ ಸುತ್ತಿನಲ್ಲಿ ಗಿರಿಜಾ ಕೆಸರಿನಲ್ಲಿ ಕುಳಿತುಬಿಟ್ಟಳು. ಕುಳಿತು ಎಳೆಯುವುದು ಹಗ್ಗಜಗ್ಗಾಟದಲ್ಲಿ ಫೌಲ್; ಎರಡು ಎಚ್ಚರಿಕೆ, ಮೂರನೆಯ ಸಲಕ್ಕೆ ಸೋಲು. ಎಚ್ಚರಿಸಿದೆ, ಎದ್ದಳು. ಮತ್ತೆ ಕುಳಿತಳು, ಮತ್ತೆ ಎಚ್ಚರಿಸಿದೆ. (ಮೇಲ್ಕೇರಿಯ ಒಬ್ಬಳಿಗೂ ಇದೇ ಎಚ್ಚರಿಕೆ ಸಿಕ್ಕಿತ್ತು. ಅವಳು ಮತ್ತೆ ಕೂರಲಿಲ್ಲ.) ಇನ್ನೊಮ್ಮೆ ಕುಳಿತಾಗ ಗೆಲುವನ್ನು ಮೇಲ್ಕೇರಿಗೆ ಕೊಟ್ಟೆ.

ಗಿರಿಜಾ ನೇರ ನನ್ನ ಹತ್ತಿರ ಬಂದಳು. "ಆಡ್ಸಿದ್ದೂ ನೀವೇ, ಸೋಲ್ಸಿದ್ದೂ ನೀವೇ. ಎಂತ ಟೀಚರೇ ಇದ್?"

"ಕೂಕಂಡದ್ ಯಾರ್?"

"ಕೆಸರ್ ಜಾರ್ತಿತ್ತ್."

"ಅವ್ರಿಗೂ ಅದೇ ಕೆಸರ್ ಅಲ್ದಾ?"

ಅವಳು ತೋಳಿನಿಂದ ಮುಖ ಒರೆಸಿಕೊಂಡಳು. "ಅದ್ ಹೌದ್" ಎಂದಳು. ಬೇಸರವಿತ್ತು. ತಕರಾರು ಇರಲಿಲ್ಲ. ಹಗ್ಗ ಎಳೆದು ಸೋಲುವುದಕ್ಕೂ, ಹಗ್ಗ ಮುಟ್ಟಲು ಬಿಡದೆ ಸೋಲಿಸುವುದಕ್ಕೂ ಇರುವ ಅಂತರ ಅವಳಿಗೆ ನಾನು ವಿವರಿಸಬೇಕಾಗಿರಲಿಲ್ಲ.

ಕಪ್ ಹಂಚಿಯಾದ ಮೇಲೆ ಸುಧಾಕರ ಬಂದು ಮೆಲ್ಲಗೆ ಹೇಳಿದರು. "ಟೀಚರೇ, ಬಪ್ಪ ವರ್ಷ ಈ ನಿಯಮ ಮೀಟಿಂಗಲ್ಲಿ ಮೊದ್ಲೇ ಮಾಡುದೇ. ಆಗ ನಿಮ್ಗೆ ಎಂತ ತೊಂದ್ರೆ ಇಲ್ಲ ಅಲ್ದಾ?"

ಜಾಣ ಪ್ರಶ್ನೆ. ಮೊದಲೇ ಹೇಳಿದ ಮಾತ್ರಕ್ಕೆ ನಿಯಮ ನ್ಯಾಯವಾಗುತ್ತದೆಯೇ?

"ಮೀಟಿಂಗ್ ಯಾವತ್ತ್ ಅಂದೇಳಿ ಹೇಳಿ, ನಾನೂ ಬತ್ತೆ. ಗಿರಿಜಾನ್ನೂ ಕರ್ಕಂಡ್ ಬತ್ತೆ" ಎಂದೆ.

ಅಲ್ಲಿ ನಾವು ಕೇಳುವುದು ಇಷ್ಟೇ: ಹುಟ್ಟಿದ ಊರಿನ ಕೆಸರಿಗೆ ಕಾಲಿಡಲು ಮಗಳು ಯಾರ ಅಪ್ಪಣೆ ಪಡೆಯಬೇಕು?